ಮೋಡವಿಲ್ಲದ ದಿನವೂ ಏರುವ ಕಾಳಿ

ದಾಂಡೇಲಿಯ ಬಂಗೂರನಗರದ ಮಕ್ಕಳಿಗೆ ಕಾಳಿ ನದಿ ಹೊಸದಲ್ಲ. ಆದರೆ ಬಿರುಬೇಸಿಗೆಯಲ್ಲೂ ಗಣೇಶಗುಡಿಯ ಬಳಿ ರಾಫ್ಟಿಂಗ್‌ಗೆ ನೀರು ಎಲ್ಲಿಂದ ಬರುತ್ತದೆ? ಮಳೆಯಿಂದಲ್ಲ, ಸೂಪಾ ಅಣೆಕಟ್ಟಿನಿಂದ. 101 ಮೀಟರ್ ಎತ್ತರದ ಈ ಕಟ್ಟೆಯ ಬುಡದಲ್ಲಿ 50 ಮೆಗಾವಾಟ್‌ನ ಎರಡು ವಿದ್ಯುತ್ ಯಂತ್ರಗಳಿವೆ. ಅವು ತಿರುಗಿದರೆ ನದಿ ಏರುತ್ತದೆ; ನಿಂತರೆ ಬಂಡೆಗಳು ತಲೆಯೆತ್ತುತ್ತವೆ.

ಅಮೆರಿಕದ ಮರುಭೂಮಿಯಲ್ಲಿ ಗ್ರ್ಯಾಂಡ್ ಕ್ಯಾನಿಯನ್ ಎಂಬ ಆಳವಾದ ಕಮರಿ ಕೊರೆದ ಕೊಲರಾಡೊ ನದಿಯದೂ ಇದೇ ಕಥೆ. 1869ರಲ್ಲಿ ಒಂಟಿಗೈಯ ಜಾನ್ ವೆಸ್ಲಿ ಪೊವೆಲ್ ಮರದ ದೋಣಿಗಳಲ್ಲಿ ಸಾಗಿದಾಗ ಅದು ತನ್ನಿಚ್ಛೆಯಂತೆ ಹರಿಯುತ್ತಿತ್ತು. 1963ರಿಂದ ಗ್ಲೆನ್ ಕ್ಯಾನಿಯನ್ ಅಣೆಕಟ್ಟು ಬಿಟ್ಟಷ್ಟೇ ನೀರು.

ಆದ್ದರಿಂದ ವಿದ್ಯಾರ್ಥಿಗಳೇ, ಆಕಾಶ ಶುಭ್ರವಾಗಿದೆಯೆಂದು ಕಾಳಿಯ ನಡುಬಂಡೆಯ ಮೇಲೆ ಬುತ್ತಿ ಬಿಚ್ಚಬೇಡಿ. ನೀರು ಬಿಡುವ ವೇಳೆ ವಿಚಾರಿಸಿ, ಲೈಫ್ ಜಾಕೆಟ್ ಬಿಗಿದ ಮೇಲೆಯೇ ರಾಫ್ಟ್ ಹತ್ತಿ. ಈಜು ಬಲ್ಲವರಿಗೂ ಈ ಮಾತು ಸಲ್ಲುತ್ತದೆ.