ಸೂತ್ರದ ಜೊತೆಗೆ ಷರತ್ತನ್ನೂ ಬರೆಯೋಣ

ಅಭ್ಯಾಸ ಬೋಧನೆಯಲ್ಲಿ ಪ್ರಥಮ ಪಿಯುಸಿಗೆ ಸಾತತ್ಯ ಸಮೀಕರಣ ಬೋಧಿಸುತ್ತಿದ್ದೆ. 'ಕೊಳವೆ ಕಿರಿದಾದರೆ ವೇಗ ಹೆಚ್ಚುತ್ತದೆ' ಎಂದು ಬರೆದು, ನೀರಿನ ಪೈಪಿನ ಬಾಯಿಗೆ ಬೆರಳಿಡುವ ಉದಾಹರಣೆ ಕೊಟ್ಟೆ. ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಹಾಗಾದರೆ ರಾಕೆಟ್ಟಿನ ನಾಜಲ್ ಕೊನೆಯಲ್ಲಿ ಅಗಲವಾಗುವುದೇಕೆ?" 'ಅದು ಪಠ್ಯದಲ್ಲಿಲ್ಲ' ಎಂದೆ. ಆ ಅವಧಿಯಲ್ಲಿ ಅವಳು ಮತ್ತೆ ಕೈ ಎತ್ತಲಿಲ್ಲ.

ತಪ್ಪು ನನ್ನದೇ. ವಿಸ್ತೀರ್ಣ ಮತ್ತು ವೇಗದ ಗುಣಲಬ್ಧ ಸ್ಥಿರವಾಗಿರುವುದು ಸಾಂದ್ರತೆ ಬದಲಾಗದಿದ್ದಾಗ ಮಾತ್ರ. ಅನಿಲದಲ್ಲಿ ಸಾಂದ್ರತೆಯನ್ನೂ ಸೇರಿಸಿ ಮೂರನ್ನು ಗುಣಿಸಬೇಕು. ಉಷ್ಣ ವಿನಿಮಯವಿಲ್ಲದೆ ನಾಜಲಿನಲ್ಲಿ ಹಿಗ್ಗುವ ಅನಿಲ ತಣ್ಣಗಾಗುತ್ತಾ ವೇಗ ಪಡೆಯುತ್ತದೆ, ಸಾಂದ್ರತೆ ಇಳಿಯುತ್ತದೆ. ಶಬ್ದದ ವೇಗಕ್ಕಿಂತ ಕೆಳಗೆ, ಸಾಂದ್ರತೆ ಇಳಿಯುವ ಪ್ರಮಾಣಕ್ಕಿಂತ ವೇಗ ಏರುವ ಪ್ರಮಾಣ ಹೆಚ್ಚು. ಆದ್ದರಿಂದ ದಾರಿ ಕಿರಿದಾಗಬೇಕು. ಕಂಠಭಾಗದಲ್ಲಿ ಶಬ್ದದ ವೇಗ ತಲುಪಿದ ಮೇಲೆ ಲೆಕ್ಕ ತಿರುಗುತ್ತದೆ. ವೇಗ ಇನ್ನೂ ಏರಲು ದಾರಿ ಅಗಲವಾಗಬೇಕು. ಸ್ವೀಡನ್ನಿನ ಗುಸ್ತಾಫ್ ಡಿ ಲಾವಲ್ 1888ರಲ್ಲೇ ಉಗಿ ಟರ್ಬೈನಿಗೆ ಇಂಥ ನಾಜಲ್ ರೂಪಿಸಿದ್ದರು.

ಇಷ್ಟೆಲ್ಲ ಹೇಳಲು ಒಂದು ಅವಧಿ ಸಾಲದು ಎಂದು ಸಹಪ್ರಶಿಕ್ಷಣಾರ್ಥಿಗಳು ಹೇಳಬಹುದು. ಎಲ್ಲವನ್ನೂ ಹೇಳಬೇಕಿಲ್ಲ. 'ಸಾಂದ್ರತೆ ಸ್ಥಿರವಿದ್ದಾಗ' ಎಂಬ ಎರಡು ಪದ ಹಲಗೆಯ ಮೇಲಿದ್ದರೆ, ಅವಳ ಪ್ರಶ್ನೆಗೆ ಉತ್ತರದ ಬಾಗಿಲು ತೆರೆದಿರುತ್ತಿತ್ತು. ನಮ್ಮ ಪಾಠ ಯೋಜನೆಯಲ್ಲಿ ಉದ್ದೇಶ, ಚಟುವಟಿಕೆ, ಮೌಲ್ಯಮಾಪನಕ್ಕೆ ಅಂಕಣಗಳಿವೆ. 'ಈ ನಿಯಮ ಎಲ್ಲಿ ಅನ್ವಯಿಸುವುದಿಲ್ಲ?' ಎಂಬುದಕ್ಕೂ ಒಂದು ಅಂಕಣ ಇರಲಿ ಎಂದು ಮಾರ್ಗದರ್ಶಕರಲ್ಲಿ ನನ್ನ ವಿನಂತಿ.

ಮರುದಿನ ನಾನು ಅವಳ ಪ್ರಶ್ನೆಯಿಂದಲೇ ಪಾಠ ಆರಂಭಿಸಿದೆ.