ರಿಯಾಯಿತಿಯ ಚೀಟಿಯೂ ಶ್ರಾವಕನ ಪರಿಮಾಣವೂ

ದಿನಸಿ ಅಂಗಡಿಗಳು ಕೊಡುವ ರಿಯಾಯಿತಿ ಕೂಪನ್ನುಗಳ ವಿಷಯವಾಗಿ ನಮ್ಮ ಸಮಾಜದಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತಿವೆ. ಕೂಪನ್ನನ್ನು ಹುಡುಕಿಕೊಂಡು ಹೋಗುವುದೇ ಲೋಭದ ಲಕ್ಷಣ, ಅಣುವ್ರತಿಯಾದ ಶ್ರಾವಕನಿಗೆ ಅದು ತಕ್ಕುದಲ್ಲ ಎಂಬುದು ಒಂದು ಪಕ್ಷ. ಹಣ ಉಳಿಸುವುದು ಮಿತವ್ಯಯ, ಮಿತವ್ಯಯವೇ ಅಪರಿಗ್ರಹಕ್ಕೆ ಮೊದಲ ಮೆಟ್ಟಿಲು, ಆದುದರಿಂದ ಸಿಕ್ಕ ಕೂಪನ್ನುಗಳನ್ನೆಲ್ಲ ಬಳಸಿಕೊಳ್ಳುವುದು ಧರ್ಮಕ್ಕೆ ಸಮ್ಮತವೇ ಎಂಬುದು ಇನ್ನೊಂದು ಪಕ್ಷ. ಮೊದಲನೆಯದು ತಪ್ಪು. ಎರಡನೆಯದು ತಪ್ಪು ಮಾತ್ರವಲ್ಲ, ಅಪಾಯಕರವೂ ಹೌದು. ಪರಿಗ್ರಹವನ್ನು ಪರಿಗ್ರಹವೆಂದು ತಿಳಿದೇ ಮಾಡುವವನಿಗೆ ಎಂದಾದರೂ ಪಶ್ಚಾತ್ತಾಪ ಉಂಟಾದೀತು. ಅಪರಿಗ್ರಹದ ಹೆಸರಿನಲ್ಲಿ ಪರಿಗ್ರಹ ಮಾಡುವವನಿಗೆ ಆ ಅವಕಾಶವೂ ಇಲ್ಲ.

ಮೊದಲನೆಯ ಪಕ್ಷವನ್ನು ಬೇಗನೆ ಮುಗಿಸಬಹುದು. ಪೊಟ್ಟಣದ ಮೇಲೆ ಅಚ್ಚಾಗಿರುವುದು ಗರಿಷ್ಠ ಬೆಲೆ. ಅದಕ್ಕಿಂತ ಹೆಚ್ಚಿಗೆ ಮಾರಬಾರದೆಂದು ಕಾನೂನು ಹೇಳುತ್ತದೆಯೇ ಹೊರತು ಕಡಿಮೆಗೆ ಮಾರಬಾರದೆಂದು ಹೇಳುವುದಿಲ್ಲ. ಮಾರುವವನು ತನ್ನ ಲಾಭದ ಒಂದಂಶವನ್ನು ತಾನಾಗಿಯೇ ಬಿಟ್ಟುಕೊಟ್ಟರೆ ಅದನ್ನು ಸ್ವೀಕರಿಸುವುದು ಅದತ್ತಾದಾನವಲ್ಲ. ಕೊಟ್ಟದ್ದನ್ನೇ ಅಲ್ಲಿ ತೆಗೆದುಕೊಳ್ಳಲಾಗಿದೆ. ನಿವೃತ್ತಿ ವೇತನದಲ್ಲಿ ಸಂಸಾರ ನಡೆಸುವ ದಂಪತಿಗಳು ಎಣ್ಣೆಯ ಡಬ್ಬದ ಮೇಲೆ ಇಪ್ಪತ್ತು ರೂಪಾಯಿ ಉಳಿಸಿಕೊಂಡರೆ ಅವರ ವ್ರತಕ್ಕೆ ಯಾವ ಭಂಗವೂ ಇಲ್ಲ. ಅವರನ್ನು ಲೋಭಿಗಳೆಂದು ಕರೆಯುವವರು ಸಾಮಾನ್ಯವಾಗಿ ಇಪ್ಪತ್ತು ರೂಪಾಯಿಯ ಅಗತ್ಯವನ್ನು ಕಾಣದವರೇ ಆಗಿರುತ್ತಾರೆ.

ಇನ್ನು ಎರಡನೆಯ ಪಕ್ಷ. ಇವರು ಉಳಿತಾಯವೆಂದು ಯಾವುದನ್ನು ಕರೆಯುತ್ತಾರೆಂಬುದನ್ನು ಮೊದಲು ಪರೀಕ್ಷಿಸಬೇಕು. ಒಂದು ಅಂಗಡಿಯಲ್ಲಿ ಸಾವಿರ ರೂಪಾಯಿಯ ಬಿಲ್ಲಿಗೆ ನೂರು ರೂಪಾಯಿ ಕಡಿತವೆಂಬ ಕೂಪನ್ ಇದೆಯೆಂದು ಭಾವಿಸೋಣ. ಗೃಹಿಣಿಯ ಪಟ್ಟಿಯಲ್ಲಿರುವ ಸಾಮಾನಿಗೆ 840 ರೂಪಾಯಿ ಆಗುತ್ತದೆ. ನೂರು ರೂಪಾಯಿ ಬಿಡಲು ಮನಸ್ಸಿಲ್ಲದೆ 160 ರೂಪಾಯಿಯ ಬಿಸ್ಕತ್ತು, ಶಾವಿಗೆ ಪೊಟ್ಟಣಗಳನ್ನು ಸೇರಿಸಿ ಬಿಲ್ಲನ್ನು ಸಾವಿರಕ್ಕೆ ಮುಟ್ಟಿಸಿ 900 ಕೊಟ್ಟು ಬರುತ್ತಾರೆ. ಮನೆಯಲ್ಲಿ ಹೇಳುವುದು ‘ನೂರು ಉಳಿಯಿತು’ ಎಂದು, ಕೈಬಿಟ್ಟದ್ದು ಅರವತ್ತು. ಆ 160 ರೂಪಾಯಿಗೆ ಮುಂದಿನ ವಾರ ಹೇಗೂ ಬೇಕಾಗಿದ್ದ ತೊಗರಿಬೇಳೆಯನ್ನು ತಂದಿದ್ದರೆ ನೂರು ರೂಪಾಯಿಯ ಲಾಭ ನಿಜವೇ. ಬೇಡದ್ದನ್ನು ತಂದಿದ್ದರೆ ನಷ್ಟ ಅಷ್ಟೇ ನಿಜ. ಎರಡೂ ಸಂದರ್ಭಗಳಲ್ಲಿ ಬಿಲ್ಲಿನ ಕೆಳಗೆ ‘ನಿಮ್ಮ ಉಳಿತಾಯ 100 ರೂ.’ ಎಂದೇ ಅಚ್ಚಾಗಿರುತ್ತದೆ.

ವಾಣಿಜ್ಯಶಾಸ್ತ್ರ ಓದಿದವರಿಗೆ ಇಲ್ಲಿ ಒಂದು ಮೂಲಪಾಠ ನೆನಪಾಗಬೇಕು. ಸಗಟು ವ್ಯಾಪಾರಿ ತನ್ನ ಇನ್‌ವಾಯ್ಸಿನಲ್ಲಿಯೇ ಕಳೆದುಕೊಡುವ ವ್ಯಾಪಾರಿ ವಟಾವನ್ನು ಲೆಕ್ಕದ ಪುಸ್ತಕದಲ್ಲಿ ಬರೆಯುವ ಪದ್ಧತಿಯೇ ಇಲ್ಲ. ನೂರು ರೂಪಾಯಿಯ ಸರಕು ತೊಂಬತ್ತಕ್ಕೆ ಬಂದರೆ ಖರೀದಿಯ ಖಾತೆಯಲ್ಲಿ ಬರೆಯುವುದು ತೊಂಬತ್ತು. ಉಳಿದ ಹತ್ತನ್ನು ಯಾವ ಗುಮಾಸ್ತನೂ ಆದಾಯವೆಂದು ಬರೆದುಕೊಳ್ಳುವುದಿಲ್ಲ. ಅಂಗಡಿಯಲ್ಲಿ ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸುವ ನಮ್ಮ ವರ್ತಕ ಬಂಧುಗಳು ಮನೆಯ ಲೆಕ್ಕದಲ್ಲಿ ಮಾತ್ರ ಕಡಿತವನ್ನೆಲ್ಲ ಆದಾಯದಂತೆ ಎಣಿಸಿ ಸಂತೋಷಪಡುವುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ.

ಕೂಪನ್ನು ಹುಟ್ಟಿದ್ದು ಗಿರಾಕಿಯ ಹಣ ಉಳಿಸಲಿಕ್ಕಲ್ಲ. 1880ರ ದಶಕದ ಕೊನೆಯಲ್ಲಿ ಅಮೆರಿಕದ ಅಟ್ಲಾಂಟಾ ನಗರದಲ್ಲಿ ಕೋಕಾ-ಕೋಲಾ ಮಾರುವವರು ಒಂದು ಲೋಟ ಉಚಿತವೆಂಬ ಚೀಟಿಗಳನ್ನು ಹಂಚಿದರು. ಪಾನೀಯದ ರುಚಿಯನ್ನೇ ಅರಿಯದವರಿಗೆ ರುಚಿ ಹತ್ತಿಸುವುದು ಅದರ ಉದ್ದೇಶ. ಅಲ್ಲಿಂದ ಮುಂದೆ ಅದೇ ದೇಶದಲ್ಲಿ ಈ ಚೀಟಿಯ ಹುಚ್ಚು ಎಲ್ಲಿಗೆ ಮುಟ್ಟಿತೆಂದರೆ, ಗ್ಯಾರೇಜುಗಳಲ್ಲಿ ನೂರಾರು ಡಬ್ಬಿಗಳನ್ನು ಜೋಡಿಸಿಟ್ಟು ಹೆಮ್ಮೆಪಡುವ ಸಂಸಾರಗಳನ್ನು ತೋರಿಸುವುದಕ್ಕೆಂದೇ 2010ರ ದಶಕದ ಆರಂಭದಲ್ಲಿ ‘ಎಕ್ಸ್‌ಟ್ರೀಮ್ ಕೂಪನಿಂಗ್’ ಎಂಬ ಟೆಲಿವಿಷನ್ ಕಾರ್ಯಕ್ರಮ ನಡೆಯಿತು. ನಮ್ಮಲ್ಲಿ ಇನ್ನೂ ಗ್ಯಾರೇಜು ತುಂಬಿಲ್ಲ, ಅಟ್ಟ ತುಂಬುತ್ತಿದೆ.

ಶಾಸ್ತ್ರಕಾರರು ಈ ಅಟ್ಟವನ್ನು ಕಾಣದವರಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅನರ್ಥದಂಡ ವಿರತಿಯ ಐದು ಅತಿಚಾರಗಳನ್ನು ಹೇಳುವಾಗ ಕೊನೆಯದಾಗಿ ಬರುವುದು ‘ಉಪಭೋಗಪರಿಭೋಗಾನರ್ಥಕ್ಯ’. ಭೋಗಕ್ಕೆ ಎಷ್ಟು ಬೇಕೋ ಅಷ್ಟು ಅರ್ಥ. ಅದಕ್ಕಿಂತ ಹೆಚ್ಚಿನದೆಲ್ಲ ಅನರ್ಥ ಎಂಬುದು ಅದರ ತಾತ್ಪರ್ಯ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತಕ್ಕೆ ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ ಎಂಬ ಐದು ಅತಿಚಾರಗಳನ್ನು ಹೇಳಿದ್ದಾರೆ. ಅತಿಸಂಗ್ರಹವೆಂಬ ಮಾತನ್ನು ಧಾನ್ಯ ಕೂಡಿಹಾಕುವ ವರ್ತಕನಿಗೆ ಅನ್ವಯಿಸಿ ಮಿಕ್ಕವರು ನಿಶ್ಚಿಂತೆಯಿಂದ ಇದ್ದ ಕಾಲ ಒಂದಿತ್ತು. ಇಂದು ಕೂಡಿಹಾಕುವವನು ಕೊಳ್ಳುವವನೇ. ಇಲ್ಲಿ ಗಮನಿಸತಕ್ಕದ್ದೆಂದರೆ, ಎರಡು ಗ್ರಂಥಗಳಲ್ಲಿಯೂ ಬೆಲೆಯ ಪ್ರಸ್ತಾಪವಿಲ್ಲ. ಅಗ್ಗಕ್ಕೆ ಬಂದ ಅತಿಸಂಗ್ರಹಕ್ಕೆ ವಿನಾಯಿತಿಯನ್ನು ಯಾವ ಆಚಾರ್ಯರೂ ಕೊಟ್ಟಂತಿಲ್ಲ.

ಆದರೆ ಈ ವಿಷಯದ ನಿಜವಾದ ಗಾಂಭೀರ್ಯ ಇರುವುದು ಹಣದಲ್ಲಿಯೂ ಅಲ್ಲ, ಅಟ್ಟದಲ್ಲಿಯೂ ಅಲ್ಲ, ಹಿಟ್ಟಿನ ಡಬ್ಬಿಯಲ್ಲಿ. ನಮ್ಮ ಹಿರಿಯರು ಹಿಟ್ಟಿಗೆ ಮರ್ಯಾದೆಯನ್ನು ವಿಧಿಸಿದ್ದರು. ಚಳಿಗಾಲದಲ್ಲಿ ಏಳು ದಿನ, ಬೇಸಗೆಯಲ್ಲಿ ಐದು ದಿನ, ಮಳೆಗಾಲದಲ್ಲಿ ಮೂರು ದಿನ. ಅದು ಮೀರಿದ ಹಿಟ್ಟಿನಲ್ಲಿ ಜೀವೋತ್ಪತ್ತಿಯಾಗುತ್ತದೆಂಬುದು ಅದರ ಕಾರಣ. ಈ ಮರ್ಯಾದೆಯನ್ನು ಕಟ್ಟುನಿಟ್ಟಾಗಿ ನಡೆಸುವ ಮನೆಗಳು ಪೊಟ್ಟಣದ ಹಿಟ್ಟನ್ನು ಕೊಳ್ಳುವುದೇ ಇಲ್ಲ. ಗೋಧಿಯನ್ನು ಆರಿಸಿ ಬೇಕಾದಷ್ಟೇ ಬೀಸಿಸಿಕೊಳ್ಳುತ್ತಾರೆ. ಅಷ್ಟು ಸಾಧ್ಯವಾಗದ ಮನೆಗಳೇ ಇಂದು ಹೆಚ್ಚು, ಅವರನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಆದರೆ ಅವರೂ ಒಂದು ಕಿಲೋ ಸಾಕಾಗುವಲ್ಲಿ ಹತ್ತು ಕಿಲೋವಿನ ಚೀಲವನ್ನು ಕೂಪನ್ನಿನ ಆಸೆಗೆ ಹೊತ್ತುತರುವುದಕ್ಕೆ ಏನು ಸಮಾಧಾನ? ದೊಡ್ಡ ಅಂಗಡಿಗಳ ಅತಿದೊಡ್ಡ ರಿಯಾಯಿತಿ ಮಾರಾಟಗಳಲ್ಲಿ ಒಂದು ಆಗಸ್ಟ್ 15ರ ಸುಮಾರಿಗೆ ಬರುತ್ತದೆ. ಅದು ಚಾತುರ್ಮಾಸದ ಕಾಲ. ಮುನಿಗಳು ಜೀವಹಿಂಸೆಯ ಭಯದಿಂದ ವಿಹಾರವನ್ನೇ ನಿಲ್ಲಿಸಿ ಒಂದೆಡೆ ನಿಂತಿರುವಾಗ, ಹಿಟ್ಟಿನ ಮರ್ಯಾದೆ ಮೂರೇ ದಿನಕ್ಕೆ ಇಳಿದಿರುವಾಗ, ಶ್ರಾವಕನು ತಿಂಗಳುಗಟ್ಟಲೆಯ ರವೆ, ಮೈದಾ, ಕಡಲೆಹಿಟ್ಟುಗಳನ್ನು ಗಾಡಿಯಲ್ಲಿ ತುಂಬಿಕೊಂಡು ಬರುತ್ತಾನೆ!

ಮುಂದೆ ಏನಾಗುತ್ತದೆಂಬುದು ಅಡಿಗೆಮನೆಯ ಸಹೋದರಿಯರಿಗೆಲ್ಲ ಗೊತ್ತು. ಅಕ್ಕಿಯ ಹುಳು ಕಾಳನ್ನು ಕೊರೆದು ಒಳಗೆ ಮೊಟ್ಟೆಯಿಡುತ್ತದೆ; ಮೊಟ್ಟೆ ಹೊತ್ತ ಕಾಳು ಹೊರನೋಟಕ್ಕೆ ಶುದ್ಧವಾಗಿಯೇ ಕಾಣುತ್ತದೆ. ಬೆಚ್ಚನೆಯ, ತೇವದ ಹವೆಯಲ್ಲಿ ಸುಮಾರು ಒಂದು ತಿಂಗಳೊಳಗೆ ಹೊಸ ಪೀಳಿಗೆ ಹೊರಬರುತ್ತದೆ. ಒಂದು ಹೆಣ್ಣುಹುಳು ತನ್ನ ಜೀವಿತಕಾಲದಲ್ಲಿ ನೂರಾರು ಮೊಟ್ಟೆಗಳನ್ನಿಡಬಲ್ಲದು. ತಿಂಗಳೊಳಗೆ ಮುಗಿಯುವ ಅಕ್ಕಿಯಲ್ಲಿ ಈ ಸಂತತಿ ಬೆಳೆಯಲು ಎಡೆ ಕಡಿಮೆ. ಮೂರು ತಿಂಗಳ ದಾಸ್ತಾನಿನಲ್ಲಿ ಅದು ಪೀಳಿಗೆಯ ಮೇಲೆ ಪೀಳಿಗೆ ಬೆಳೆಯುತ್ತದೆ. ಅನಂತರ ಆ ಅಕ್ಕಿಯನ್ನು ಉರಿಬಿಸಿಲಿಗೆ ಹರಡುತ್ತೇವೆ, ಜರಡಿ ಹಿಡಿಯುತ್ತೇವೆ, ರವೆಯನ್ನು ಪೊಟ್ಟಣ ಸಮೇತ ಕಸದ ಗಾಡಿಗೆ ಹಾಕುತ್ತೇವೆ. ಸಾಯುವ ಜೀವಗಳು ಏಕೇಂದ್ರಿಯಗಳಲ್ಲ, ಕಣ್ಣಿಗೆ ಕಾಣುವಂತೆ ಚಲಿಸುವ ತ್ರಸಜೀವಿಗಳು.

ಇದನ್ನು ಗೃಹಸ್ಥನಿಗೆ ಅನಿವಾರ್ಯವಾದ ಆರಂಭೀ ಹಿಂಸೆ ಎಂದು ಕರೆದು ತಪ್ಪಿಸಿಕೊಳ್ಳುವ ಹಾಗಿಲ್ಲ. ಉಣ್ಣುವುದಕ್ಕಾಗಿ ಅಡಿಗೆ ಮಾಡುವಾಗ ಆಗುವುದು ಆರಂಭೀ ಹಿಂಸೆ. ಉಣ್ಣದೆ ಇಡುವುದಕ್ಕಾಗಿ ಕೊಂಡು, ಇಟ್ಟದ್ದರಿಂದ ಹುಟ್ಟಿಸಿ, ಹುಟ್ಟಿದ್ದನ್ನು ಕೊಲ್ಲುವುದಕ್ಕೆ ಆ ಹೆಸರು ಸಲ್ಲುವುದಿಲ್ಲ. ಪ್ರಯೋಜನವಿಲ್ಲದ ಹಿಂಸೆಗೆ ಶಾಸ್ತ್ರದಲ್ಲಿರುವ ಹೆಸರು ಅನರ್ಥದಂಡ. ಕಂದಮೂಲವನ್ನು ಮುಟ್ಟದೆ, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸಿ, ನೀರನ್ನು ಸೋಸಿ ಕುಡಿಯುವ ಮನೆಯಲ್ಲಿಯೇ ‘ಒಂದು ಕೊಂಡರೆ ಒಂದು ಉಚಿತ’ದ ರವೆಯಲ್ಲಿ ಈ ಹಿಂಸೆ ನಡೆಯುತ್ತಿದೆಯೆಂದರೆ, ನಮ್ಮ ಎಚ್ಚರ ಎಲ್ಲಿ ನಿಂತಿದೆ, ಎಲ್ಲಿ ಮಲಗಿದೆ?

ಆದುದರಿಂದ ನನ್ನ ವಾದ ಇಷ್ಟೆ. ಪರಿಮಾಣ ಮೊದಲು, ಕೂಪನ್ನು ಆಮೇಲೆ. ವಾರಕ್ಕೆ ಅಥವಾ ತಿಂಗಳಿಗೆ ಏನು ಬೇಕು, ಎಷ್ಟು ಬೇಕು ಎಂಬುದನ್ನು ಮನೆಯಲ್ಲಿ ಕುಳಿತು ಬರೆಯಬೇಕು. ಬರೆದ ಮೇಲೆ ಆ ಪಟ್ಟಿಯಲ್ಲಿರುವ ವಸ್ತುವಿಗೆ ಕೂಪನ್ ಇದೆಯೇ ಎಂದು ನೋಡಬೇಕು. ಇದ್ದರೆ ಸಂತೋಷದಿಂದ ಬಳಸಬೇಕು. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಎಷ್ಟೇ ದೊಡ್ಡ ಕಡಿತವಿದ್ದರೂ ಅದು ನಮಗೆ ಸಂಬಂಧಿಸಿದ್ದಲ್ಲ. ಮೈಸೋಪು, ಬಟ್ಟೆ ಸೋಪುಗಳಂತಹ ಹುಳು ಹಿಡಿಯದ ಸಾಮಾನಿನಲ್ಲಿ ಮುಂದಿನ ತಿಂಗಳದ್ದನ್ನೂ ತಂದಿಟ್ಟರೆ ಆಕ್ಷೇಪವಿಲ್ಲ. ಧಾನ್ಯ, ಬೇಳೆ, ಹಿಟ್ಟುಗಳಲ್ಲಿ ಆ ಸಡಿಲಿಕೆ ಬೇಡ.

ಇದಕ್ಕೆ ಒಂದು ಪ್ರತಿವಾದವುಂಟು. ‘ಹೆಚ್ಚಾದದ್ದನ್ನು ದಾನ ಮಾಡುತ್ತೇವೆ, ಆಹಾರದಾನಕ್ಕಿಂತ ದೊಡ್ಡದು ಯಾವುದು?’ ಎನ್ನುತ್ತಾರೆ. ದಾನಕ್ಕೆಂದು ಪಟ್ಟಿಯಲ್ಲಿ ಬರೆದು, ಕೂಪನ್ನಿನಿಂದ ಎರಡರ ಬದಲು ಮೂರು ಚೀಲ ಕೊಂಡು ಅದೇ ದಿನ ವಿದ್ಯಾರ್ಥಿನಿಲಯಕ್ಕೆ ಮುಟ್ಟಿಸುವವರಿಗೆ ನನ್ನ ವಂದನೆಗಳು. ಆದರೆ ನಡೆಯುವುದು ಬೇರೆ. ಬಳಕೆಯ ಅವಧಿ ಇನ್ನೊಂದು ವಾರದಲ್ಲಿ ಮುಗಿಯುವ ಪೊಟ್ಟಣಗಳು ಮನೆಗೆಲಸದವಳ ಚೀಲಕ್ಕೆ ಬೀಳುತ್ತವೆ. ನಮ್ಮ ಮಕ್ಕಳಿಗೆ ಬೇಡವಾದದ್ದು ಅವಳ ಮಕ್ಕಳಿಗೆ ಸಾಕೆಂಬ ಭಾವನೆಯನ್ನು ದಾನವೆನ್ನಲು ಶಾಸ್ತ್ರದ ಆಧಾರ ಎಲ್ಲಿದೆಯೆಂದು ತಿಳಿದವರು ಹೇಳಬೇಕು.

ತರುಣರಲ್ಲಿ ಬೆಳೆಯುತ್ತಿರುವ ಇನ್ನೊಂದು ಚಟವನ್ನು ಹೇಳದೆ ಬಿಡುವಂತಿಲ್ಲ. ಮೊಬೈಲಿನಲ್ಲಿ ದಿನಸಿ ತರಿಸುವ ಕಂಪನಿಗಳು ‘ಮೊದಲ ಖರೀದಿಗೆ ಮಾತ್ರ’ ಎಂದು ಕೂಪನ್ ಕೊಡುತ್ತವೆ. ನಮ್ಮ ಹುಡುಗರು ಅಜ್ಜಿಯ ನಂಬರು, ಚಿಕ್ಕಪ್ಪನ ನಂಬರು, ಹಳೆಯ ಸಿಮ್‌ಗಳನ್ನೆಲ್ಲ ಹಾಕಿ ಆ ಮೊದಲ ಖರೀದಿಯನ್ನು ಆರು ಸಲ ಮಾಡುತ್ತಾರೆ. ಮನೆಯವರು ಅದನ್ನು ಚಾತುರ್ಯವೆಂದು ಮೆಚ್ಚುತ್ತಾರೆ. ಕೊಡುವವನು ಒಬ್ಬನಿಗೆ ಒಂದು ಎಂದು ಕೊಟ್ಟಿದ್ದಾನೆ. ಎರಡನೆಯದು ಕೊಡದೆ ತೆಗೆದುಕೊಂಡದ್ದು. ಸುಳ್ಳು ಹೆಸರಿನ ಖಾತೆಯಾದರೋ ಸತ್ಯಾಣುವ್ರತದ ಅತಿಚಾರಗಳಲ್ಲಿ ಹೇಳಿರುವ ಕೂಟಲೇಖಕ್ರಿಯೆ. ಕಂಪನಿ ದೊಡ್ಡದು, ಅದಕ್ಕೆ ನಷ್ಟವಿಲ್ಲ ಎಂಬ ಉತ್ತರ ಕೇಳಿಬರುತ್ತದೆ. ಯಾರಿಂದ ಕದ್ದರೆ ಎಷ್ಟು ಪಾಪವೆಂಬ ದರಪಟ್ಟಿ ನಮ್ಮಲ್ಲಿಲ್ಲ.

ಆ ಕಂಪನಿಗಳೇನೂ ಸಾಧುಗಳಲ್ಲ. ಗಿರಾಕಿಯನ್ನು ದಾರಿತಪ್ಪಿಸುವ 13 ಬಗೆಯ ತಂತ್ರಗಳನ್ನು ‘ಡಾರ್ಕ್ ಪ್ಯಾಟರ್ನ್’ ಎಂಬ ಹೆಸರಿನಲ್ಲಿ ಗುರುತಿಸಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಬೇಕಾಯಿತು. ಇನ್ನು ಹತ್ತೇ ನಿಮಿಷವೆಂದು ಸುಳ್ಳು ಅವಸರ ಹುಟ್ಟಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ತಾನೇ ಸೇರಿಸುವುದು ಇವೆಲ್ಲ ಆ ಪಟ್ಟಿಯಲ್ಲಿವೆ. 2021ರ ತಿದ್ದುಪಡಿಯಿಂದ ಪೊಟ್ಟಣಗಳ ಮೇಲೆ ಗ್ರಾಮಿಗೆ ಅಥವಾ ಕಿಲೋವಿಗೆ ಎಷ್ಟು ಬೆಲೆಯೆಂಬುದನ್ನು ಅಚ್ಚುಮಾಡುವ ಕ್ರಮವೂ ಬಂದಿದೆ. ಕೂಪನ್ನಿನ ಕಡಿತಕ್ಕಿಂತ ಮೊದಲು ಆ ಸಣ್ಣ ಅಕ್ಷರಗಳನ್ನು ಓದುವುದು ಒಳ್ಳೆಯದು. ಉಚಿತವಾಗಿ ಬಂದ ತಿನಿಸಿನ ಮೇಲೆ ಹಸಿರು ಗುರುತಿದೆಯೆಂದು ಕಣ್ಣುಮುಚ್ಚಿ ಬಾಯಿಗೆ ಹಾಕಿಕೊಳ್ಳಬಾರದು. ಆಹಾರ ನಿಯಮಗಳ ಪ್ರಕಾರ ಜೇನುತುಪ್ಪ ಮಾಂಸಾಹಾರವಲ್ಲ. ಮದ್ಯ, ಮಾಂಸಗಳೊಡನೆ ಮಧುವನ್ನೂ ತ್ಯಜಿಸುವ ಮೂಲಗುಣ ನಮ್ಮದು.

ವ್ಯಾಪಾರಿಯಾದ ನಾನು ಗಿರಾಕಿಗಳಿಗೇ ಬುದ್ಧಿ ಹೇಳಿ ನಿಲ್ಲಿಸಿದರೆ ಪಕ್ಷಪಾತವಾದೀತು. ಚಹಾಪುಡಿಯ ಜೊತೆಗೆ ಕಂಪನಿ ಉಚಿತವಾಗಿ ಕಳಿಸಿದ ಚಮಚವನ್ನು ಬೇರ್ಪಡಿಸಿ ಮಾರುವ ಅಂಗಡಿಗಳು ನಮ್ಮವರಲ್ಲಿಯೂ ಇವೆ. ಆ ಚಮಚ ಗಿರಾಕಿಗೆ ಸೇರಿದ್ದು. ಅದನ್ನು ಇಟ್ಟುಕೊಳ್ಳುವುದು ತಕ್ಕಡಿಯಲ್ಲಿ ಮೋಸ ಮಾಡಿದ್ದಕ್ಕೆ ಯಾವ ರೀತಿಯಲ್ಲಿಯೂ ಕಡಿಮೆಯಲ್ಲ. ಅವಧಿ ಮುಗಿಯುತ್ತ ಬಂದ ಸರಕನ್ನು ಎರಡೆರಡಾಗಿ ಟೇಪು ಸುತ್ತಿ ‘ಒಂದಕ್ಕೆ ಒಂದು’ ಎಂದು ಮುಂದಿನ ಸಾಲಿನಲ್ಲಿಡುವ ಪದ್ಧತಿಯೂ ಇದೆ. ಹಾಗೆ ಮಾರುವುದೇ ಆದರೆ ದಿನಾಂಕವನ್ನು ಟೇಪಿನ ಅಡಿಯಲ್ಲಿ ಮುಚ್ಚದೆ, ಗಿರಾಕಿಗೆ ಬಾಯಿಬಿಟ್ಟು ಹೇಳಿ ಮಾರಬೇಕು. ಹೇಳಿದರೆ ಕೆಲವರು ಕೊಳ್ಳುವುದಿಲ್ಲ, ಕೊಳ್ಳದಿರಲಿ. ಆ ನಷ್ಟವನ್ನು ಅಂಗಡಿಯ ಲೆಕ್ಕದಲ್ಲಿಯೇ ಬರೆದುಕೊಳ್ಳಬೇಕು.