ಬಿಸಿಲೂರಿಗೆ ಗಾಜಿನ ಅಂಗಿ

ಕಲಬುರಗಿಯಲ್ಲಿ ಮನೆ ಕಟ್ಟಿಸಲು ಹೊರಟವರು ಈಗ ಮೊದಲು ತೆಗೆಯುವುದು ಮೊಬೈಲು. ಅದರಲ್ಲಿ ದುಬೈನ ಗಾಜಿನ ಕಟ್ಟಡ, ಯಾವುದೋ ಚಳಿದೇಶದ ಬಿಳಿ ಹಜಾರ, ಮುಖ ಕಾಣುವಷ್ಟು ಹೊಳೆಯುವ ಟೈಲ್ಸು. "ಹಿಂಗ ಮಾಡ್ರಿ" ಎಂದು ಗುತ್ತಿಗೆದಾರರಿಗೆ ತೋರಿಸಿದರೆ ವಿನ್ಯಾಸ ಮುಗಿಯಿತು. ಇದಕ್ಕೆ ಸ್ಫೂರ್ತಿ ಎಂಬ ದೊಡ್ಡ ಹೆಸರು ಬೇರೆ. ನಾನಿದನ್ನು ನಕಲು ಎನ್ನುತ್ತೇನೆ. ಅದೂ ಪ್ರಶ್ನೆಪತ್ರಿಕೆ ಓದದೆ ಹೊಡೆದ ನಕಲು.

ನಮ್ಮ ಊರಿನ ಮೊದಲ ಪ್ರಶ್ನೆ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಚಳಿದೇಶದವರು ಬಿಸಿಲನ್ನು ಒಳಗೆ ಕರೆಯಲು ಗಾಜು ಹಾಕುತ್ತಾರೆ. ನಾವು ಅದೇ ಗಾಜನ್ನು ಪಡುವಣ ಗೋಡೆಗೆ ಹಾಕಿ, ಒಳಬಂದ ಬಿಸಿಲನ್ನು ಹೊರದಬ್ಬಲು ಎಸಿ ಕೂರಿಸುತ್ತೇವೆ. ಅದು ಉಗುಳುವ ಬಿಸಿಗಾಳಿ ಪಕ್ಕದ ತಗಡಿನ ಮನೆಯವರ ಪಾಲಿಗೆ. ಹಾಗಾಗಿ ಇದು ಬರೀ ಅಭಿರುಚಿಯ ಜಗಳವಲ್ಲ.

ಹೊಸತನ ಎಂದರೇನು ಎಂದು ತಿಳಿಯಬೇಕಾದರೆ ಕೋಟೆಯೊಳಗಿನ ಜಾಮಾ ಮಸೀದಿಗೆ ಹೋಗಿ. 1367ರಲ್ಲಿ ಕಟ್ಟಿದ್ದು. ಕಟ್ಟಿದವನು ಪರ್ಷಿಯಾದ ಕಜ್ವೀನ್ ಮೂಲದ ರಫಿ ಎಂದು ಶಾಸನ ಹೇಳುತ್ತದೆ. ದೊಡ್ಡ ಮಸೀದಿ ಎಂದರೆ ನಡುವೆ ಬಯಲು ಅಂಗಳ ಇರುವುದು ರೂಢಿ. ಇಲ್ಲಿ ಅಂಗಳವೇ ಇಲ್ಲ. ಇಡೀ ಜಾಗಕ್ಕೆ ಗುಮ್ಮಟಗಳ ನೆರಳು, ಅಂಚಿನ ಅಗಲ ಕಮಾನುಗಳಿಂದ ಬೆಳಕು, ಗಾಳಿ. ಆರೂವರೆ ಶತಮಾನದ ಹಿಂದೆ ರೂಢಿ ಮುರಿದ ಈ ಕಟ್ಟಡ ನಮ್ಮ ಗಾಜಿನ ಕಾಂಪ್ಲೆಕ್ಸುಗಳಿಗಿಂತ ಆಧುನಿಕ.

ಹಾಗೆಂದು ಮನೆಯ ನೆತ್ತಿಗೊಂದು ಸಿಮೆಂಟಿನ ಗುಮ್ಮಟ ಅಂಟಿಸಿದರೆ ಅದೂ ನಕಲೇ. 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಬಿ. ವಿ. ದೋಶಿ ಬೆಂಗಳೂರಿನ ಐಐಎಂ ಕಟ್ಟುವಾಗ ಫತೇಪುರ್ ಸಿಕ್ರಿಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಆದರೆ ಅಲ್ಲಿನ ಕೆಂಪುಕಲ್ಲನ್ನು ತರಲಿಲ್ಲ. ಅಂಗಳ ಅಂಗಳವನ್ನು ಕೂಡಿಸುವ ಬಗೆಯನ್ನು ತಂದರು. ಗೋಡೆಗೆ ಬಳಸಿದ್ದು ಇಲ್ಲಿಯದೇ ಬೂದು ಗ್ರಾನೈಟು. ಸ್ಫೂರ್ತಿ ಎಂದರೆ ಇದು.

ನಮ್ಮ ಕಲ್ಲಿನ ಗತಿ ನೋಡಿ. ಮಹಾರಾಷ್ಟ್ರದವರೂ 'ಶಹಾಬಾದಿ ಫರಶಿ' ಎಂದು ನಮ್ಮ ಶಹಾಬಾದದ ಹೆಸರಿಟ್ಟೇ ಕರೆಯುವ ಕಲ್ಲು ಅದು. ಪದರು ಪದರಾಗಿ ಏಳುತ್ತದೆ, ಬೇಸಿಗೆಯಲ್ಲಿ ಅಂಗಾಲಿಗೆ ತಂಪು. ಅದನ್ನು ಬಚ್ಚಲಿಗೂ ಗೋದಾಮಿಗೂ ತಳ್ಳಿ, ಕಲ್ಲಿನ ಚಿತ್ರ ಅಚ್ಚೊತ್ತಿದ ಟೈಲ್ಸನ್ನು ಗುಜರಾತಿನ ಮೋರ್ಬಿಯಿಂದ ತರಿಸುತ್ತೇವೆ. ಕಲ್ಲಿನ ನಾಡಿನಲ್ಲಿ ಕಲ್ಲಿನ ಫೋಟೋ ಮೇಲೆ ನಡೆಯುವ ವೈಭವ!

"ಹಂಗಾದ್ರ ಮಣ್ಣಿನ ಮಾಳಿಗಿಗಿ ಹೋಗೋದೇನ್ರಿ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಕಮಲಾಪುರದ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಸೋರುವ ಮೂಲೆ, ಅಡುಗೆಮನೆಯ ಕತ್ತಲು, ಹೊಗೆ ಎಲ್ಲ ಇದ್ದವು; ಅದನ್ನು ಹೆಚ್ಚು ಉಂಡವರು ಹೆಂಗಸರು. ಆ ಕತ್ತಲು ನಮಗೆ ಬೇಡ. ಆದರೆ ದಪ್ಪ ಗೋಡೆಯ ತಂಪು, ಪಡಸಾಲೆಯ ನೆರಳು, ಬಂದವರು ಕೂರುವ ಕಟ್ಟೆ ಬೇಕು. ಇವನ್ನು ಇವತ್ತಿನ ಕಾಂಕ್ರೀಟಿನಲ್ಲಿ, ದೊಡ್ಡ ಕಿಟಕಿಯ ಅಡುಗೆಮನೆಯೊಂದಿಗೆ ಹೇಗೆ ತರುವುದು? ಇಲ್ಲಿ ಆರ್ಕಿಟೆಕ್ಚರ್ ಕಲಿಯುವವರು ಬಿಡಿಸಬೇಕಾದ ಲೆಕ್ಕ ಇದು.

ಮುಂದಿನ ಮೇ ತಿಂಗಳ ಮಧ್ಯಾಹ್ನ, ಕರೆಂಟು ಹೋದಾಗ, ನೀವು ಮೆಚ್ಚಿದ ಆ ಗಾಜಿನ ಕಟ್ಟಡದೊಳಗೆ ಅರ್ಧ ತಾಸು ಕೂತು ನೋಡಿ. ಅಲ್ಲಿ ಕೂರಲು ಆಗದಿದ್ದರೆ ಅದರ ಅಂದಕ್ಕೆ ಅಂಕ ಕೊಡಬೇಡಿ.